ಅತ್ತೆ ಉಳಿಸಿದ ಸೀಸೆ

ತಂಗಿ ತೀರಿಕೊಂಡ ಸುದ್ದಿ ಬಂದಾಗ ಅಣ್ಣ ಪ್ರಯೋಗಾಲಯದ ತೊಟ್ಟಿಯ ಮುಂದೆ ನಿಂತು ಗಾಜಿನ ಪಾತ್ರೆಗಳನ್ನು ಆಮ್ಲದಲ್ಲಿ ಜಾಲಿಸುತ್ತಿದ್ದ. ಫೋನಿನಲ್ಲಿ, ತಂಗಿಯನ್ನು ಕೆರೆಗೆ ಕರೆದೊಯ್ದಿದ್ದ ಅಂಬಿಗನ ದನಿ.

"ಸಾರ್, ಅಮ್ಮಾವ್ರು ಕೊನೇ ಸೀಸೆಗೆ ಮುಚ್ಚಳ ಹಾಕಿದ್ರು. ಎದೆ ಹಿಡ್ಕೊಂಡ ಹಾಗಿದೆ, ದಡಕ್ಕೆ ಬಿಡು ಅಂದ್ರು. ಆಸ್ಪತ್ರೆಗೆ ಕರ್ಕೊಂಡು ಬಂದೆ..."

"ಈಗ ಹೇಗಿದಾಳೆ?"

ಆ ಕಡೆಯಿಂದ ಅಂಬಿಗ ಬಿಕ್ಕುವುದು ಕೇಳಿಸಿತು. ಅಣ್ಣ ಕೈಯಲ್ಲಿದ್ದ ಪಾತ್ರೆಯನ್ನು ತೊಟ್ಟಿಯಲ್ಲೇ ಬಿಟ್ಟು ಹೊರಟ.

ಇಬ್ಬರೂ ಆ ಕೆರೆಯ ಹಿಂದೆ ಬಿದ್ದು ತಲೆ ನೆರೆಸಿಕೊಂಡವರು. ಹೊಲದ ಗೊಬ್ಬರ, ಬಚ್ಚಲ ಸಾಬೂನು, ಚರಂಡಿಯ ಕೊಳೆ ಎಲ್ಲವೂ ಹರಿದು ಬಂದು ಕೆರೆಯ ನೀರಿಗೆ ಸಾರ ಕೂಡಿಸುತ್ತಿದ್ದವು. ಆ ಸಾರ ಉಂಡು ಪಾಚಿ ಕೊಬ್ಬುತ್ತಿತ್ತು. ಪಾಚಿ ಕೊಳೆತಾಗ ಮೀನಿಗೆ ಉಸಿರಿರುತ್ತಿರಲಿಲ್ಲ. ತಂಗಿ ದೋಣಿಯಲ್ಲಿ ಹೋಗಿ ನೀರು ತರುವಳು, ಅಣ್ಣ ಅದನ್ನು ಸೋಸಿ ಪಾಚಿಯೆಷ್ಟು, ಸಾರವೆಷ್ಟು ಎಂದು ಅಳೆಯುವನು. ತಿಂಗಳು ತಿಂಗಳೂ ಸರ್ಕಾರಿ ಕಚೇರಿಗೆ ವರದಿ ಕೊಟ್ಟರು. ಕೆರೆ ಹಸಿರಾಗುತ್ತಲೇ ಹೋಯಿತು.

"ನಾವು ಜ್ವರ ನೋಡೋರು ಕಣಣ್ಣಾ," ಎಂದು ತಂಗಿ ನಗುತ್ತಿದ್ದಳು. "ಔಷಧಿ ಕೊಡೋರು ರಜದಲ್ಲಿದಾರೆ."

ಮಧ್ಯಾಹ್ನ ಅಂಬಿಗ ಐಸ್ ಪೆಟ್ಟಿಗೆಯನ್ನು ತಂದು ಮನೆಯ ಹಿಂಬಾಗಿಲ ಬಳಿ ಇಳಿಸಿದ. ಬೆಳಿಗ್ಗೆ ಅವಳು ತುಂಬಿಸಿದ ನೀರು. ಅಂದೇ ಸೋಸದಿದ್ದರೆ ಪಾಚಿಯ ಬಣ್ಣ ಕೆಡುತ್ತದೆ, ಲೆಕ್ಕವೂ ಕೆಡುತ್ತದೆ. ಅಂತ್ಯಕ್ರಿಯೆ ಮುಗಿಸಿ ಬಂದವನೇ ಇದನ್ನು ಸೋಸಬೇಕು, ಅವಳ ಕೊನೆಯ ಕೆಲಸ ಹಾಳಾಗಬಾರದು ಎಂಬುದೊಂದೇ ಅಣ್ಣನ ಮನಸ್ಸಿನಲ್ಲಿತ್ತು. ಬೇರೇನನ್ನೂ ಯೋಚಿಸಲು ಅವನಿಗೆ ಶಕ್ತಿಯಿರಲಿಲ್ಲ.

ಸಂಜೆ ಮಸಣದಿಂದ ಅಂಬಿಗನೊಂದಿಗೆ ಕಾಲೆಳೆದುಕೊಂಡು ಬಂದು ನೋಡಿದರೆ ಪೆಟ್ಟಿಗೆ ಖಾಲಿ. ಸೀಸೆಗಳು ಕಿಟಕಿಯ ಕಟ್ಟೆಯ ಮೇಲೆ ತಲೆಕೆಳಗಾಗಿ ಒಣಗುತ್ತಿದ್ದವು. ಸಾಬೂನಿನ ವಾಸನೆ ಘಮ್ಮೆನ್ನುತ್ತಿತ್ತು.

"ಅತ್ತೇ, ಇದರಲ್ಲಿದ್ದ ನೀರು?"

ಇಬ್ಬರನ್ನೂ ಸಾಕಿ ಬೆಳೆಸಿದ ಸೋದರತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಯ್ಯೋ, ಹಸಿರು ಹಸಿರು, ಗಬ್ಬುನಾತ! ಸಾವಿನ ಮನೆಗೆ ನಾಲ್ಕು ಜನ ಬರ್ತಾರೆ, ಏನಂದ್ಕೋತಾರೆ? ಚೆಲ್ಲಿ ಫಳಫಳ ತೊಳೆದಿಟ್ಟಿದೀನಿ. ಒಂದರಲ್ಲಿ ಮಾತ್ರ ಒಳ್ಳೇ ತಿಳಿನೀರಿತ್ತು, ಅದನ್ಯಾಕೆ ಚೆಲ್ಲಲಿ ಅಂತ ಬಿಟ್ಟೆ. ಯಾಕೋ, ತಪ್ಪಾಯ್ತೇನೋ?"

ಅಂಬಿಗ ತಲೆಯ ಮೇಲೆ ಕೈಹೊತ್ತು ಕುಳಿತ. ಅಣ್ಣ ಗೋಡೆಗೆ ಒರಗಿದ.

"ಇಲ್ಲತ್ತೆ. ಒಳ್ಳೇದೇ ಮಾಡಿದೆ. ಒಳಗೆ ಹೋಗಿ ಮಲಗು."

ಅತ್ತೆ ಒಳಗೆ ಹೋದ ಮೇಲೆ ಅಂಬಿಗ ಮೆಲ್ಲಗೆ ಅಂದ. "ಹೋಗ್ಲಿ ಬಿಡಿ ಸಾರ್, ನಾಳೆ ನಾನೇ ತಂದ್ಕೊಡ್ತೀನಿ. ಕೆರೆಯೇನು ಓಡಿಹೋಗುತ್ತಾ?"

"ಕೆರೆ ಓಡಿಹೋಗಲ್ಲಪ್ಪಾ."

ಉಳಿದ ಸೀಸೆಯಲ್ಲಿದ್ದದ್ದು ಕೆರೆಯ ನೀರೇ ಅಲ್ಲ. ಪ್ರಯೋಗಾಲಯದಲ್ಲಿ ಅವನೇ ಬಟ್ಟಿ ಇಳಿಸಿ ಕೊಟ್ಟಿದ್ದ ನೀರು. ತಂಗಿ ಎಲ್ಲಕ್ಕೂ ಕೊನೆಯಲ್ಲಿ ಅದನ್ನು ದೋಣಿಯಲ್ಲಿ ತೆರೆದು, ಕೆರೆಯ ನೀರನ್ನು ತುಂಬಿಸಿದಂತೆಯೇ ಬೇರೆ ಸೀಸೆಗೆ ತುಂಬಿಸಿ ತರುತ್ತಿದ್ದಳು. ತುಂಬಿಸುವವರ ಕೈಯಿಂದ ಕೊಳೆ ಸೇರಿದ್ದರೆ ಅದರಲ್ಲಿ ಸಿಕ್ಕಿಬೀಳುತ್ತದೆ. "ಇದು ಸುಮ್ನೆ ಸುತ್ತಾಡೋಕೆ ಬರೋ ನೆಂಟ," ಎನ್ನುವಳು. ಸಾಬೂನಿನ ಸಾರ ಸೀಸೆಗೆ ಸೇರೀತೆಂದು ದೋಣಿಗೆ ಹೋಗುವ ದಿನ ಕೈಗೆ ಸಾಬೂನು ಮುಟ್ಟಿಸುತ್ತಿರಲಿಲ್ಲ. "ಇಷ್ಟು ಓದಿದೋಳಿಗೆ ಕೈ ತೊಳೆಯೋಕೆ ಬರಲ್ಲ," ಎಂದು ಅತ್ತೆ ಹಂಗಿಸುತ್ತಿದ್ದಳು.

ಅಣ್ಣ ಆ ಸೀಸೆಯನ್ನು ಎದೆಗೊತ್ತಿಕೊಂಡು ಪ್ರಯೋಗಾಲಯಕ್ಕೆ ನಡೆದ. ಅಂಬಿಗ ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕುಳಿತ.

ಅಣ್ಣ ಅರ್ಧ ನೀರನ್ನು ಸೋಸಿದ. ಕಾಗದದ ಮೇಲೆ ಹಸಿರಿನ ಸುಳಿವಿಲ್ಲ, ಹಾಕುವಾಗ ಹೇಗಿತ್ತೋ ಹಾಗೆಯೇ ಬಿಳಿ. ಉಳಿದ ನೀರಿಗೆ ಪರೀಕ್ಷೆಯ ದ್ರಾವಣದ ಹನಿ ಬಿಟ್ಟು ಕಾದ. ಗೊಬ್ಬರದ, ಸಾಬೂನಿನ ಸಾರ ಒಂದಿಷ್ಟಿದ್ದರೂ ನೀಲಿ ಬಣ್ಣ ಏರಬೇಕು. ಏರಲಿಲ್ಲ. ಕನ್ನಡಕ ಒರೆಸಿ ಬೆಳಕಿಗೆ ಹಿಡಿದು ಮತ್ತೆ ನೋಡಿದ. ನೀರು ನೀರಾಗಿಯೇ ಇತ್ತು.

ಕೆರೆಯ ಬಗ್ಗೆ ಆ ಸೀಸೆ ಏನೂ ಹೇಳಲಿಲ್ಲ. ಎದೆ ಹಿಡಿದುಕೊಂಡಿದ್ದಾಗಲೂ ಅದರ ಮುಚ್ಚಳ ತಿರುಗಿಸಿದ ಕೈ ಹೇಗಿತ್ತೆಂದು ಮಾತ್ರ ಹೇಳಿತು.

ಅವನು ಸ್ಟೂಲಿನ ಮೇಲೆ ಕುಳಿತು, ಆಮ್ಲದಿಂದ ಒರಟಾದ ತನ್ನ ಕೈಗಳನ್ನು ಜೋಡಿಸಿದ. "ದೇವರೇ, ಅವಳು ತುಂಬ ದಣಿದಿದ್ದಾಳೆ. ನಿನ್ನ ಪಾದದ ಬಳಿ ಒಂದಿಷ್ಟು ನೆರಳು ಕೊಡು. ಅವಳ ಕೈ ಚೊಕ್ಕವಾಗಿತ್ತು, ನಾನು ನೋಡಿದ್ದೇನೆ, ನೀನೂ ನೋಡು. ನನ್ನ ತಂಗಿಯ ಆತ್ಮಕ್ಕೆ ಶಾಂತಿ ಕೊಡು ತಂದೆ."