ಮೊದಲನೇ ಸ್ಥಾನದ ಕುಸ್ತಿ

ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕುಗಳಲ್ಲಿ ಎಲ್ಲೇ ಕುಸ್ತಿ ನಡೆದರೂ ಮೈಕು ನನ್ನ ಕೈಗೇ ಬರುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು, ಹೆಸರು ಶಿವಸ್ವಾಮಿ. ನನ್ನ ಮುಖ ನೋಡಿ ಗುರುತು ಹಿಡಿಯದವರೂ ಬಸ್ಸಿನಲ್ಲಿ ನಾನು ಟಿಕೆಟ್ ಕೇಳಿದ ಕೂಡಲೇ ತಿರುಗಿ, "ಕುಸ್ತಿ ಮೇಷ್ಟ್ರಲ್ವಾ?" ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಆ ಮಾತಿನಲ್ಲಿ ಬೆಚ್ಚಗೆ ಬದುಕಿದವನು ನಾನು.

ಕಳೆದ ವರ್ಷ ನಂಜನಗೂಡಿನ ನಮ್ಮ ಗರಡಿಮನೆಗೆ ಹೊಸ ಸೂರು ಹೊದಿಸಿದರು. ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದ್ ಪುಟ್ಟಬಸವಯ್ಯನವರಿಗೆ ಎಪ್ಪತ್ತಾರು ವಯಸ್ಸು. ಅವರು ಒಂದು ದಿನ ನನ್ನನ್ನು ಕರೆಸಿ, "ಮೇಷ್ಟ್ರೇ, ಸೂರಿನ್ ಪೂಜೆ ದಿನ ಬರೀ ಭಾಷ್ಣ ಬ್ಯಾಡ. ಈ ಅತ್ ವರ್ಸದಲ್ಲಿ ನಾವ್ ಕಂಡ ಕುಸ್ತಿಗಳ್ನೆಲ್ಲ ಒಂದ್ಸಲಿ ಮೆಲುಕಾಕವ. ಅದ್ರಾಗೆ ಅತ್ ಕುಸ್ತಿ ಆರ್ಸಿ. ಗೆದ್ದೋನ್ಗೂ ಸೋತೋನ್ಗೂ ಒಟ್ಗೆ ಶಾಲು ಒದ್ಸವ" ಎಂದರು.

ಆರಿಸುವ ಕೆಲಸ ನನ್ನದು. ವಿಡಿಯೊಗಳನ್ನು ಹುಡುಕಿ ಪರದೆಯ ಮೇಲೆ ತೋರಿಸುವಂತೆ ಜೋಡಿಸುವ ಕೆಲಸ ಅವರ ಮೊಮ್ಮಗಳು ತೇಜಸ್ವಿನಿಯದು. ಅವಳು ರೈಲ್ವೆ ಸ್ಟೇಷನ್ ರಸ್ತೆಯ ಫೋಟೊ ಸ್ಟುಡಿಯೊದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತಾಳೆ.

ಹತ್ತರಲ್ಲಿ ಎಷ್ಟೋ ಜಗಳಗಳಾದವು. ಇಬ್ಬರೂ ಸೋಲದೆ, ಕತ್ತಲಾಗಿ ಬಿಡಿಸಬೇಕಾಗಿ ಬಂದ 2016ರ ಜೋಡಿಯನ್ನು ಎರಡನೆಯದಕ್ಕೆ ಇಡಬೇಕೋ ಮೂರನೆಯದಕ್ಕೋ ಎಂದು ಗರಡಿಯವರು ಮೂರು ದಿನ ಕಿತ್ತಾಡಿದರು. ಪಲ್ಲವಿ ಮತ್ತು ಮಂಗಳಗೌರಿಯರ ಕುಸ್ತಿ ಪಟ್ಟಿಯಲ್ಲಿರಲೇಬೇಕು ಎಂದು ನಾನು ಹಟ ಹಿಡಿದೆ. ಹೆಣ್ಣುಮಕ್ಕಳ ಕುಸ್ತಿ ನೋಡಿ ನಗಲು ಬಂದಿದ್ದ ಗಂಡಸರು ಹತ್ತನೇ ನಿಮಿಷಕ್ಕೆ ಬೀಡಿ ಹಚ್ಚುವುದನ್ನೂ ಮರೆತು ನಿಂತಿದ್ದರು ಅವತ್ತು. ಆದರೆ ಮೊದಲನೇ ಸ್ಥಾನದ ಬಗ್ಗೆ ಯಾರೂ ಬಾಯಿ ತೆರೆಯಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದದ್ದೇ.

2018ರ ಫೆಬ್ರವರಿ, ತಿ. ನರಸೀಪುರದ ಮೈದಾನ. ನಂಜನಗೂಡಿನ ದೀಪಕ್, ಸೋಸಲೆಯ ಮಾದು. ದೀಪಕ್ ಆರಡಿ ಎತ್ತರದ, ಹಾಲು-ತುಪ್ಪದಲ್ಲಿ ಬೆಳೆದ ಪೈಲ್ವಾನ. ಮಾದು ಅವನಿಗಿಂತ ಹದಿನಾಲ್ಕು ಕೆ.ಜಿ. ಕಡಿಮೆ. ಕಬ್ಬು ಕಡಿಯಲು ಹೋಗುತ್ತಿದ್ದ ಹುಡುಗ, ಹೊಳೆಮರಳಿನ ಮೇಲೆ ತಾನೇ ಪಟ್ಟು ಕಲಿತವನು. ಅಂಥವನು ದೀಪಕನನ್ನು ಇಪ್ಪತ್ತೇಳು ನಿಮಿಷ ಕುಣಿಸಿದ. ಆಮೇಲೆ ದೀಪಕ್ ಅವನನ್ನು ಬೋರಲು ಕೆಡವಿ, ಬಲಗೈಯನ್ನು ಬೆನ್ನ ಹಿಂದಕ್ಕೆ ತಿರುವಿ, ಕತ್ತಿನ ಮೇಲೆ ಮೊಣಕೈ ಊರಿದ. ಮುಗಿಯಿತು ಎಂದುಕೊಂಡೆವು. ಆಗ ಮಾದು ಎಡಗೈ ಎತ್ತಿ ನೆಲವನ್ನು ಬಡಿದ. ಮೂರು ಸಲ.

ನಾನು ಮೈಕಿನಲ್ಲಿ ಕೂಗಿದೆ: "ನೋಡಿ, ನೋಡಿ! ನೆಲತಾಯಿಯನ್ನ ತಟ್ಟಿ ಎಬ್ಬಿಸ್ತಾ ಇದ್ದಾನೆ ಸೋಸಲೆಯ ಹುಲಿ! ಬಲ ಕೊಡು ತಾಯೀ ಅಂತ ಕೇಳ್ತಾ ಇದ್ದಾನೆ!"

ಮೈದಾನಕ್ಕೆ ಮೈದಾನವೇ ಎದ್ದು ನಿಂತಿತು. ತಮಟೆಗಳು ಹುಚ್ಚೆದ್ದವು. ಮಾದು ಇನ್ನೂ ನಾಲ್ಕು ನಿಮಿಷ ತಡೆದ, ಆಮೇಲೆ ಚಿತ್ ಆದ. ಗೆದ್ದವನಿಗೆ ಬೆಳ್ಳಿ ಗದೆ ಸಿಕ್ಕಿತು, ಸೋತವನಿಗೆ ಹೆಸರು ಸಿಕ್ಕಿತು. ಅಂದಿನಿಂದ ನಮ್ಮ ಕಡೆಯ ಹುಡುಗರು ಅಖಾಡಕ್ಕೆ ಇಳಿದರೆ ಮೊದಲು ನೆಲವನ್ನು ಮೂರು ಸಲ ತಟ್ಟುತ್ತಾರೆ. ನನ್ನ ಶಾಲೆಯ ಕಬಡ್ಡಿ ಮಕ್ಕಳೂ ತಟ್ಟುತ್ತಾರೆ. ಮಾದು ಮಾತ್ರ ಮತ್ತೆ ಕುಸ್ತಿಗೆ ಬರಲಿಲ್ಲ. ಸೋಲಿನ ಅವಮಾನ ಎಂದರು ನಮ್ಮೂರ ಜನ. ನಾನೂ ಹಾಗೇ ಅಂದುಕೊಂಡೆ.

ಪೂಜೆಗೆ ಆರು ದಿನ ಇತ್ತು. ಮಧ್ಯಾಹ್ನ ತೇಜಸ್ವಿನಿ ಫೋನ್ ಮಾಡಿದಳು. "ಸಾರ್, ಸ್ಟುಡಿಯೊ ಹತ್ರ ಬರ್ತೀರಾ? ಫೋನಲ್ಲಿ ಹೇಳಕ್ಕಾಗಲ್ಲ."

ಹೋದೆ. ಹಳೇ ಕುಸ್ತಿ ವಿಡಿಯೊ ಇದ್ದರೆ ಕಳಿಸಿ ಎಂದು ಅವಳು ವಾಟ್ಸಾಪಿನಲ್ಲಿ ಕೇಳಿದ್ದಕ್ಕೆ ಮುಡುಕುತೊರೆಯ ರುದ್ರಾಣಿ ಎಂಬ ಹೆಂಗಸು ತನ್ನ ಹಳೇ ಮೊಬೈಲಿನಲ್ಲಿದ್ದ ಮಾದು-ದೀಪಕರ ಕುಸ್ತಿಯ ವಿಡಿಯೊ ಕಳಿಸಿದ್ದಳಂತೆ. ಇದುವರೆಗೆ ನಾವೆಲ್ಲ ನೋಡಿದ್ದು ವೇದಿಕೆಯ ಕಡೆಯಿಂದ ತೆಗೆದದ್ದು. ಅದರಲ್ಲಿ ಮಾದುವಿನ ಬೆನ್ನು ಮತ್ತು ನೆಲ ಬಡಿಯುವ ಕೈ ಮಾತ್ರ ಕಾಣುತ್ತದೆ. ಈಕೆ ಎದುರುಗಡೆ ಅಖಾಡದ ಅಂಚಿನಲ್ಲೇ ಕುಳಿತು ತೆಗೆದಿದ್ದಳು.

ತೇಜಸ್ವಿನಿ ನನ್ನ ಕಿವಿಗೆ ಹೆಡ್‌ಫೋನ್ ಹಾಕಿದಳು. ಪರದೆಯ ಮೇಲೆ ಮಾದುವಿನ ಮುಖ. ಬಾಯಿ ತುಂಬ ಕೆಮ್ಮಣ್ಣು, ಕಣ್ಣು ಗುಡ್ಡೆ ಹೊರಬಂದಿದೆ. ಅವನ ಎಡಗೈ ಮೊದಲು ತಟ್ಟಿದ್ದು ನೆಲವನ್ನಲ್ಲ, ದೀಪಕನ ತೊಡೆಯನ್ನು. ಎರಡು ಸಲ ತಟ್ಟಿತು. ಅಲ್ಲಿಂದ ಜಾರಿದ ಮೇಲೆ ನೆಲವನ್ನು ಮೂರು ಸಲ ಬಡಿಯಿತು. ಜೊತೆಗೇ ದನಿ, ಸಣ್ಣಗೆ, ಆದರೆ ಸ್ಪಷ್ಟವಾಗಿ: "ಬುಡಣ್ಣೋ... ಸೋತೆ... ಕೈ ಓಯ್ತು, ಬುಡಣ್ಣೋ..."

ತೀರ್ಪುಗಾರ ಬಗ್ಗಿ ನೋಡುತ್ತಾನೆ. ಬಿಡಿಸಲು ಕೈಯನ್ನೂ ಚಾಚುತ್ತಾನೆ. ಅಷ್ಟರಲ್ಲಿ ಮೇಲಿನಿಂದ ನನ್ನ ದನಿ ಸಿಡಿಲಿನಂತೆ ಬೀಳುತ್ತದೆ. ನೆಲತಾಯಿಯನ್ನ ತಟ್ಟಿ ಎಬ್ಬಿಸ್ತಾ ಇದ್ದಾನೆ! ತೀರ್ಪುಗಾರ ವೇದಿಕೆಯತ್ತ ನೋಡಿ, ನಕ್ಕು, ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ನೆಟ್ಟಗೆ ನಿಲ್ಲುತ್ತಾನೆ.

"ಇನ್ನೊಂದ್ಸಲ ಹಾಕು" ಎಂದೆ. ಹಾಕಿದಳು. "ಇನ್ನೊಂದ್ಸಲ." ಎಷ್ಟು ಸಲ ನೋಡಿದೆನೋ ತಿಳಿಯದು. ಹೆಡ್‌ಫೋನ್ ತೆಗೆಯಲು ಹೋದರೆ ಅದರ ವೈರು ಅಂಗಿಯ ಕಾಲರಿಗೆ ಸಿಕ್ಕಿಕೊಂಡಿತು. ಆ ಹುಡುಗಿಯೇ ಬಿಡಿಸಿದಳು.

"ಸಾರ್, ನೀರು ಕುಡೀತೀರಾ?"

"ಇದ್ನ ಇನ್ನೂ ಯಾರಿಗೆ ತೋರಿಸಿದ್ದೀಯ?"

"ಯಾರಿಗೂ ಇಲ್ಲ. ತಾತನಿಗೂ ಇಲ್ಲ." ಪರದೆಯ ಕಡೆ ತಿರುಗಿ ಕೇಳಿದಳು, "ಹಳೇದನ್ನೇ ಹಾಕ್ಬಿಡ್ಲಾ ಸಾರ್?"

ಸುಳ್ಳು ಹೇಳುವುದಿಲ್ಲ. ಹೂಂ ಎನ್ನಲು ನನ್ನ ನಾಲಿಗೆ ತುದಿಗೆ ಬಂದಿತ್ತು.

ಮಾರನೇ ಬೆಳಿಗ್ಗೆ ಶಾಲೆಗೆ ರಜೆ ಹಾಕಿ ತಿ. ನರಸೀಪುರದ ಬಸ್ಸು ಹತ್ತಿದೆ. ಅಲ್ಲಿಂದ ಸೋಸಲೆ. ಮಾದುವಿನ ಮನೆ ಕೇಳಿದ ಕೂಡಲೇ ತೋರಿಸಿದರು. ಜಗುಲಿಯ ಮೇಲೆ ಅವನ ತಾಯಿ ಗೋವಿಂದಮ್ಮ ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದರು. "ಮಾದು ಇದ್ದಾನಾ ಅಮ್ಮ?" ಎಂದೆ ಅಷ್ಟೇ. ಅವರ ಕೈ ನಿಂತಿತು.

"ಈ ದನಿ ನಂಗೊತ್ತು ಕಣಪ್ಪ. ನೀವು ಮೈಕ್‌ನೋರು! ಅವತ್ತು ನಾನೂ ಬಂದಿದ್ದೆ. ತಾಯೀ ಬಲ ಕೊಡು ಅಂತ ನೀವ್ ಕೂಗ್ದಾಗ ಇಂದ್ಗಡೆ ನಿಂತ್ಕಂಡು ಕೈ ಮುಗ್ದೆ. ನನ್ ಮಗ ಸೋತ್ರೂ ಸೈ ಅಂದ್ಕಂಡೆ. ಕೂತ್ಕಳಿ, ಕೂತ್ಕಳಿ. ಲೇ ದಿವ್ಯಾ, ನೀರ್ ತತ್ತಾ!"

ಮಾದುವಿನ ಹೆಂಡತಿ ದಿವ್ಯ ನೀರು ತಂದಳು. ನನ್ನನ್ನು ನೋಡಿದ ಅವಳ ನೋಟದಲ್ಲಿ ಆ ಸಂಭ್ರಮ ಇರಲಿಲ್ಲ. ಅವಳಿಗೆ ಗೊತ್ತು ಎಂದು ನನಗೆ ಆ ಕ್ಷಣವೇ ತಿಳಿಯಿತು.

ಮಾದು ಹಾಲಿನ ಡೇರಿಯಿಂದ ಬಂದ. ಡೇರಿಯಲ್ಲಿ ಹಾಲು ಅಳೆದು ಬರೆದುಕೊಳ್ಳುವ ಕೆಲಸ ಅವನದು. ಬಲಗೈ ಭುಜದಿಂದ ಕೆಳಗೆ ಒಣಗಿದ ಕೊಂಬೆಯಂತೆ ಮೈಗೆ ಅಂಟಿಕೊಂಡಿತ್ತು. ನಮಸ್ಕಾರ ಮಾಡಲು ಎಡಗೈಯನ್ನು ಎದೆಗೆ ಇಟ್ಟುಕೊಂಡ. ಏಳು ವರ್ಷದಲ್ಲಿ ನಾನು ಒಂದು ಸಲವೂ ಈ ಮನೆಗೆ ಬಂದಿರಲಿಲ್ಲ. ಇಡೀ ತಾಲ್ಲೂಕಿಗೆ ಇವನ ಕಥೆ ಹೇಳಿಕೊಂಡು ತಿರುಗಿದ್ದೆ.

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಮಾದು, ಅವತ್ತಿನ ಇನ್ನೊಂದು ವಿಡಿಯೊ ಸಿಕ್ತು. ಎದುರುಗಡೆಯಿಂದ ತೆಗೆದದ್ದು. ನೀನು 'ಬುಡಣ್ಣೋ' ಅಂತ ಅಂದದ್ದು ಕೇಳಿದೆ."

ಅವನು ನನ್ನನ್ನು ನೋಡಲಿಲ್ಲ. ತಾಯಿಯತ್ತ ತಿರುಗಿದ.

"ಏನಂದದ್ದು?" ಎಂದರು ಗೋವಿಂದಮ್ಮ. "ಯಾವಾಗ ಅಂದೆ? ಏನ್ಲಾ ಇವ್ರು ಏಳ್ತಿರದು?"

ಮಾದು ಬಗ್ಗಿ ತಾಯಿಯ ಪಕ್ಕ ಕುಳಿತ. ಕೊನೆಗೆ ದಿವ್ಯಳೇ ಹೇಳಿದಳು, ನೆಲ ನೋಡಿಕೊಂಡು. "ಅತ್ತೆ, ಅವತ್ತು ಅವ್ರು ನೆಲ್ದಮ್ಮನ್ನ ಕರೀನಿಲ್ಲ. ಬುಡ್ಸಿ ಅಂತ ತಟ್ಟಿದ್ರು. ಯಾರೂ ಬುಡುಸ್ನಿಲ್ಲ."

ಮೊರದಲ್ಲಿದ್ದ ಅವರೆಕಾಳು ನೆಲಕ್ಕೆ ಚೆಲ್ಲಿತು. ಆ ತಾಯಿ ಅಳಲಿಲ್ಲ, ಬೈಯಲಿಲ್ಲ. ತಮ್ಮ ಎರಡು ಅಂಗೈಗಳನ್ನೂ ಅಗಲಿಸಿ ನೋಡಿಕೊಂಡರು. "ನಾನ್ ಕೈ ಮುಗುದ್ನಲ್ಲೋ" ಎಂದರು. "ನೀನು ಬುಡ್ಸಿ ಅಂತಿದ್ದೆ, ನಾನು ಅಲ್ಲಿ ಕೈ ಮುಗ್ಕಂಡು ನಿಂತಿದ್ನಲ್ಲೋ!"

ನಾನು ಎದ್ದು ನಿಂತೆ. ಕಾಲಿಗೆ ಬೀಳಬೇಕೋ ಓಡಿಹೋಗಬೇಕೋ ತಿಳಿಯಲಿಲ್ಲ.

"ಕುಂತ್ಕಳಿ ಸಾ" ಎಂದ ಮಾದು. ಅವನ ದನಿ ತಣ್ಣಗಿತ್ತು. "ಆಸ್ಪತ್ರೇಲಿ ನರ ಅರ್ದೋಗದೆ ಅಂದ್ರು. ಆಚ್ಗೆ ಬಂದ್ರೆ ಜನ ಬೆನ್ ತಟ್ಟೋರು. ನೆಲ್ದಮ್ಮನ್ನ ಕರೆದೋನು ಅನ್ನೋರು. ನಾನ್ ಸೋತೆ ಅಂತ ಅಂದಿದ್ದೆ ಅಂತ ಎಂಗ್ ಏಳ್ಲಿ ಸಾ? ನಿಮ್ ಸುಳ್ಳಲ್ಲಿ ನಂಗೂ ಪಾಲು ಸಿಕ್ತು. ಈ ಡೇರಿ ಕೆಲ್ಸನೂ ಆ ಎಸ್ರಿಂದ್ಲೇ ಸಿಕ್ಕದ್ದು."

"ಭಾನುವಾರ ಎಲ್ಲರ ಮುಂದೆ ನಿಜ ಹೇಳ್ತೀನಿ. ನೀನು ಬೇಡ ಅಂದ್ರೆ ಆ ಕುಸ್ತೀನೇ ಪಟ್ಟಿಯಿಂದ ತೆಗೀತೀನಿ."

ಅವನು ಬಗ್ಗಿ ಚೆಲ್ಲಿದ ಕಾಳನ್ನು ಎಡಗೈಯಲ್ಲಿ ಆಯ್ದು ಮೊರಕ್ಕೆ ಹಾಕಿದ. "ನಿಜಾನೇ ಏಳಿ. ನಾನ್ ಬರಕಿಲ್ಲ. ಆದ್ರೆ ಒಂದ್ ಕೆಲ್ಸ ಮಾಡಿ ಸಾ. ಐಕ್ಳು ನೆಲ ತಟ್ಟೋದ್ನ ಬುಡ್ಸಿ. ನಮ್ ಬೀದಿ ಮಕ್ಳೂ ತಟ್ತವೆ, ನಂಗೆ ನೋಡಕ್ಕಾಗಕಿಲ್ಲ. ನಾಳೆ ಯಾವನಾರಾ ನಿಜ್ವಾಗ್ಲೂ ಬುಡ್ಸಿ ಅಂತ ತಟ್ದಾಗ ಯಾರ್ಗೂ ಗೊತ್ತಾಗಕಿಲ್ಲ."

ಭಾನುವಾರ ಬೆಳಿಗ್ಗೆ ಗರಡಿಯ ಮುಂದೆ ಶಾಮಿಯಾನ ತುಂಬಿತ್ತು. ಪುಟ್ಟಬಸವಯ್ಯನವರಿಗೆ ಹಿಂದಿನ ದಿನವೇ ಎಲ್ಲ ತೋರಿಸಿದ್ದೆ. ಅವರು ನೋಡಿ, ಎದ್ದು ಅಖಾಡಕ್ಕೆ ಒಂದು ಸುತ್ತು ಹಾಕಿ ಬಂದಿದ್ದರು. ಆಮೇಲೆ, "ನಿಜಾನೇ ಏಳ್ರಿ, ನಾನ್ ಪಕ್ಕದಲ್ಲಿ ನಿಂತ್ಕತೀನಿ" ಎಂದಿದ್ದರು. ದೀಪಕನ ಮನೆಗೂ ಹೋಗಿದ್ದೆ. ಅವನು ಊರಲ್ಲಿರಲಿಲ್ಲ, ಫೋನ್ ಎತ್ತಲಿಲ್ಲ. ಬೆಳಿಗ್ಗೆ ನೇರವಾಗಿ ವೇದಿಕೆಗೇ ಬಂದ, ಬಿಳಿ ಶರ್ಟು, ಪಕ್ಕದಲ್ಲಿ ಅದೇ ಬೆಳ್ಳಿ ಗದೆ. ಈಗ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಮುಂದಿನ ಸಾಲಿನಲ್ಲಿ ಗೋವಿಂದಮ್ಮ, ದಿವ್ಯ ಕುಳಿತಿದ್ದರು.

ಹತ್ತನೇ ಸ್ಥಾನದಿಂದ ಶುರುಮಾಡಿ ಒಂಬತ್ತು ಕುಸ್ತಿಗಳನ್ನು ಪರದೆಯ ಮೇಲೆ ತೋರಿಸಿದ್ದಾಯಿತು. ಶಾಲು, ಹಾರ, ಶಿಳ್ಳೆ. ಹತ್ತನೆಯದಕ್ಕೆ ನಾನು ಮೈಕು ಹಿಡಿದು, "ಮೊದಲನೇ ಸ್ಥಾನಕ್ಕೆ ಯಾವ ಕುಸ್ತಿಯೂ ಇಲ್ಲ. ನಾನು ಏಳು ವರ್ಷ ನಿಮಗೆ ಸುಳ್ಳು ಹೇಳಿದೆ" ಎಂದೆ. ಜನ ನಕ್ಕರು, ತಮಾಷೆ ಎಂದುಕೊಂಡು. ತೇಜಸ್ವಿನಿ ವಿಡಿಯೊ ಹಾಕಿದಳು.

"ಬುಡಣ್ಣೋ" ಎಂಬ ಮಾತು ದೊಡ್ಡ ಸ್ಪೀಕರಿನಲ್ಲಿ ಕೇಳಿಸಿತು. ಅದರ ಹಿಂದೆಯೇ ನನ್ನ ದನಿ ಬಂತು. ವಿಡಿಯೊ ಮುಗಿದ ಮೇಲೆ ಮತ್ತೆ ಮೈಕು ಎತ್ತಿಕೊಂಡೆ.

"ನಾನು ಮೈಕಲ್ಲಿ ಕೂಗದೇ ಇದ್ದಿದ್ರೆ ತೀರ್ಪುಗಾರರು ಬಿಡಿಸ್ತಿದ್ರು" ಎಂದೆ. "ದೀಪಕನಿಗೂ ಗೊತ್ತಾಗ್ಲಿಲ್ಲ, ಆ ಗಲಾಟೇಲಿ..."

"ಗೊತ್ತಿತ್ತು ಸಾರ್."

ದೀಪಕ್ ಎದ್ದು ನಿಂತಿದ್ದ. ಮೈಕಿಲ್ಲದೆಯೂ ಎಲ್ಲರಿಗೂ ಕೇಳಿಸಿತು. "ಅವನ ಬಾಯಿ ನನ್ನ ಕಿವಿ ಹತ್ರಾನೇ ಇತ್ತು. ಬಿಡೋಣ ಅಂತ ಕೈ ಸಡಿಲ ಮಾಡ್ದೆ. ಅಷ್ಟ್ರಲ್ಲಿ ನೀವು ಕೂಗಿದ್ರಿ. ಜನ ಎಲ್ಲಾ ಮಾದು, ಮಾದು ಅಂತ ಎದ್ರು. ನಾನು ಗೆದ್ರೂ ಹೆಸರು ಅವನದೇ ಅಂತ ಗೊತ್ತಾಯ್ತು. ಆ ಸಿಟ್ಟಿಗೆ ಇನ್ನೂ ತಿರುವಿದೆ."

ನಾನು ಮೈಕನ್ನು ಎಲ್ಲಿಟ್ಟೆನೋ ನೆನಪಿಲ್ಲ. ಇಷ್ಟು ದಿನ ತಪ್ಪು ನನ್ನೊಬ್ಬನದೇ ಎಂದುಕೊಂಡಿದ್ದೆ. ಅದೂ ಒಂದು ಜಂಬವೇ ಇರಬೇಕು.

ಗೋವಿಂದಮ್ಮ ಕುಳಿತಲ್ಲಿಂದಲೇ ಕೇಳಿದರು. "ಕೇಳುಸ್ತಾ ನಿಂಗೆ?"

"ಕೇಳುಸ್ತು ಅವ್ವ."

"ಕೇಳಿದ್ ಮ್ಯಾಲೂ ನಾಕ್ ನಿಮ್ಸ?"

ದೀಪಕ್ ಗದೆಯನ್ನು ಕುರ್ಚಿಯ ಮೇಲೆ ಬಿಟ್ಟು ವೇದಿಕೆಯಿಂದ ಇಳಿದು ಹೋದ. ಅವನನ್ನು ಯಾರೂ ತಡೆಯಲಿಲ್ಲ, ಯಾರೂ ಕೂಗಲಿಲ್ಲ.

ಅಂದೇ ಪುಟ್ಟಬಸವಯ್ಯನವರು ಗರಡಿಯ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಇನ್ನು ಆಟಕ್ಕೆ ಮುಂಚೆ ಯಾರೂ ನೆಲ ತಟ್ಟಕೂಡದು, ಹಿಡಿತದಲ್ಲಿರುವವನು ತಟ್ಟಿದರೆ ತಮಟೆ, ಮೈಕು, ಕುಸ್ತಿ ಎಲ್ಲ ಆ ಕ್ಷಣಕ್ಕೆ ನಿಲ್ಲಬೇಕು ಎಂದು ಮಾತು ತೆಗೆದುಕೊಂಡರು. ನಾನು ನನ್ನ ಶಾಲೆಯಲ್ಲೂ ಅದನ್ನೇ ಹೇಳಿದೆ. ಮಕ್ಕಳಿಗೆ ಬಿಡುವುದು ಕಷ್ಟವಾಯಿತು. ಕಾರಣ ಕೇಳಿದವರಿಗೆ ಕಾರಣ ಹೇಳಿದೆ.

ಹದಿನೈದು ದಿನದ ಮೇಲೆ ದಿವ್ಯ ಫೋನ್ ಮಾಡಿದ್ದಳು. ದೀಪಕ್ ಸೋಸಲೆಗೆ ಬಂದಿದ್ದನಂತೆ. ಡೇರಿಯ ಮುಂದೆ ಹಾಲು ತಂದವರ ಸಾಲಿನ ಕೊನೆಯಲ್ಲಿ ಬರಿಗೈಯಲ್ಲಿ ನಿಂತಿದ್ದನಂತೆ. ಮಾದು ತಲೆ ಎತ್ತಿ ನೋಡಿ, "ತಡಿ, ಆಲು ಅಳ್ದು ಮುಗುಸ್ತೀನಿ" ಎಂದು ಕೆಲಸ ಮುಂದುವರಿಸಿದನಂತೆ.

"ಆಮೇಲೆ ಇಬ್ರೂ ಇಂದ್ಗಡೆ ಕಟ್ಟೆ ಮ್ಯಾಲೆ ಕುಂತಿದ್ರು ಸಾ, ಒಂದ್ ಗಂಟೆ. ಏನ್ ಮಾತಾಡುದ್ರೋ ಇವ್ರು ಏಳಕಿಲ್ಲ. ಮಾತಾಡುದ್ರೋ ಇಲ್ವೋ ಅದೂ ಗೊತ್ತಿಲ್ಲ. ಓಗೋವಾಗ ಆವಣ್ಣ ಆಲಿನ್ ಕ್ಯಾನ್ಗಳ್ನೆಲ್ಲ ಒಬ್ರೇ ಎತ್ತಿ ಗಾಡಿಗಾಕ್ಬುಟ್ಟು ಓದ್ರು."

"ಮಾದು ಏನಂದ?"

"ಏನೂ ಅನ್ನಿಲ್ಲ. ಅತ್ತೆ ಮಾತ್ರ, ಅವ್ನು ಇನ್ನೊಂದ್ಸಲಿ ಬಂದ್ರೆ ಊಟಕ್ ಕರೀಬೇಕೋ ಬ್ಯಾಡ್ವೋ ಅಂತ ಬೆಳಗಿಂದ ನನ್ನೇ ಕೇಳ್ತಾವ್ರೆ."