ಒಂದು ಬೆರಳು ಹಿಂದಿಟ್ಟ ತೋಳು

ಮಾವ ಮಾಡಿದ ಪೆಟ್ಟಿಗೆಯಲ್ಲಿ ತಪ್ಪು ಹುಡುಕುವುದೆಂದರೆ ಹುತ್ತಕ್ಕೆ ಕೈ ಹಾಕಿದ ಹಾಗೆ. ಮರಗೆಲಸದಲ್ಲಿ ಅವರದು ಎತ್ತಿದ ಕೈ. ಮನೆಯ ರೆಕಾರ್ಡ್ ಪ್ಲೇಯರಿಗೆ ತಾವೇ ಪೆಟ್ಟಿಗೆ ಮಾಡಿ, ಮುಳ್ಳು ಹಿಡಿಯುವ ತೋಳನ್ನೂ ತಾವೇ ಕೂರಿಸಿ, ಬಂದವರಿಗೆಲ್ಲ ಅದರ ಹೊಳಪು ತೋರಿಸುತ್ತಿದ್ದರು. ಆದರೆ ಹೊಸ ಸೊಸೆ ಹೆದರುವ ಪೈಕಿಯಲ್ಲ. ರೇಡಿಯೋ, ಆಂಪ್ಲಿಫೈಯರ್ ರಿಪೇರಿಯ ಅಂಗಡಿ ನಡೆಸುವವಳು.

"ಮಾವ, ನಿಮ್ಮನೇಲಿ ಎಲ್ಲ ಹಾಡುಗಾರರಿಗೂ ಕೊನೇ ಹಾಡಿಗೇ ಯಾಕೆ ನೆಗಡಿ ಆಗತ್ತೆ?" ಎಂದು ಒಂದು ಬೆಳಿಗ್ಗೆ ಕೇಳಿಯೇಬಿಟ್ಟಳು.

"ರೆಕಾರ್ಡೇ ಹಾಗೆ ಕಣಮ್ಮ. ಒಳಗೆ ಹೋದಂಗೆ ಜಾಗ ಇಕ್ಕಟ್ಟು."

"ಸ್ವಲ್ಪ ಹೌದು. ಇಷ್ಟೊಂದಲ್ಲ."

ಅವಳ ತಲೆಯಲ್ಲಿ ಕೊರೆಯುತ್ತಿದ್ದುದು ಬೇರೆ. ಅತ್ತೆ ಪ್ರಾಯದಲ್ಲಿ ಹಾಡುತ್ತಿದ್ದವರು, ಅವರದೇ ಒಂದು ರೆಕಾರ್ಡೂ ಬಂದಿತ್ತು ಎಂದು ಗಂಡ ಹೇಳಿದ್ದ. ಬಂದ ದಿನ ಇದೇ ಪ್ಲೇಯರಿಗೆ ಹಾಕಿದರೆ ಕೊನೆಯ ಹಾಡಿನಲ್ಲಿ ದನಿ ಒಡೆದು ಗೊರಗೊರ ಎಂದಿತಂತೆ. ಗಂಟಲು ಹೋಯಿತೆಂದು ಅತ್ತೆ ತಮಗೆ ತಾವೇ ತೀರ್ಪು ಕೊಟ್ಟುಕೊಂಡು, ರೆಕಾರ್ಡನ್ನು ಕಪಾಟಿನ ತಳಕ್ಕೆ ಸೇರಿಸಿ, ಹಾಡುವುದನ್ನೇ ಬಿಟ್ಟರು. ಆಮೇಲೆ ಪ್ಲೇಯರ್ ಹಾಕಿದರೆ ಸಾಕು, ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಇಷ್ಟು ಒಳ್ಳೆಯ ಹೆಂಗಸು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದು ನೆನೆದರೆ ಸೊಸೆಗೆ ಮೈಯೆಲ್ಲ ಉರಿಯುತ್ತಿತ್ತು.

ಗೆರೆ ಎಳೆದ ರಟ್ಟೊಂದನ್ನು ತಟ್ಟೆಯ ಮೇಲಿಟ್ಟು, ಅದರ ಮೇಲೆ ಮುಳ್ಳನ್ನು ಇಳಿಸಿ ನೋಡಿದಳು. ಅಂಚಿನಲ್ಲಿ ತೋಳಿನ ತಲೆ ಗೆರೆಗೆ ಹತ್ತಿರಹತ್ತಿರ ಸಮವಾಗಿತ್ತು. ಒಳಗೆ ಬಂದಾಗ ಸೊಟ್ಟಗಾಯಿತು.

"ಕಾರ್ಖಾನೇಲಿ ರೆಕಾರ್ಡ್ ಕೊರೆಯೋವಾಗ ಮುಳ್ಳು ಅಂಚಿಂದ ನಡುವಿಗೆ ನೇರ ಹೋಗತ್ತೆ ಮಾವ. ಮನೇಲಿ ಈ ತೋಳು ಬಾಗಿಲಿನ ಹಾಗೆ ಕೀಲಿನ ಮೇಲೆ ತಿರುಗತ್ತೆ. ಅದಕ್ಕೇ ತುದೀನ ಓರೆ ಮಾಡಿ, ಕೀಲು ಇಷ್ಟೇ ದೂರ ಇರ್ಬೇಕು ಅಂತ ಲೆಕ್ಕ ಇಟ್ಟಿರ್ತಾರೆ. ನೀವು ಒಂದು ಬೆರಳು ಹಿಂದಿಟ್ಟಿದೀರಿ."

"ಅಲ್ಲಿ ಮರದಲ್ಲಿ ಗಂಟಿತ್ತು. ಚೆನ್ನಾಗಿ ಕಾಣಲ್ಲ ಅಂತ ಸರಿಸ್ದೆ. ಒಂದು ಬೆರಳಿಗೆ ಏನಾಗತ್ತೆ?"

"ಒಳಗೆ ಬಂದಷ್ಟೂ ಮುಳ್ಳು ಅಡ್ಡಡ್ಡ ನಿಲ್ಲತ್ತೆ. ಒಡೆದಿದ್ದು ಅತ್ತೆ ದನಿ ಅಲ್ಲ."

ಮಾವನ ಮುಖ ಕಪ್ಪಿಟ್ಟಿತು. ಪೆಟ್ಟಿಗೆಯನ್ನು ಕೆಲಸದ ಮೇಜಿಗೆ ಒಯ್ದರು. ಸೊಸೆ ಗುರುತು ಹಾಕಿಕೊಟ್ಟಳು. ಜೀವದ ಹಾಗೆ ನೋಡಿಕೊಂಡಿದ್ದ ಮರಕ್ಕೆ, ಆ ಗಂಟಿನ ಮೇಲೆಯೇ, ತಾವೇ ತೂತು ಕೊರೆದು ತೋಳನ್ನು ಅಲ್ಲಿ ಕೂರಿಸಿದರು.

"ಅತ್ತೆ, ಒಂಚೂರು ಬನ್ನಿ!" ಸೊಸೆ ಕಪಾಟಿನ ತಳದಿಂದ ಅತ್ತೆಯ ರೆಕಾರ್ಡ್ ತೆಗೆದು ಹಿಡಿದಿದ್ದಳು.

"ಆ ರೆಕಾರ್ಡಾ? ಬೇಡಮ್ಮ, ತೆಗೆದಿಡು."

"ಕೊನೇ ಹಾಡು ಮಾತ್ರ. ಕೆಟ್ಟದಾಗಿ ಕೇಳಿಸಿದ್ರೆ ನಾಳೆಯಿಂದ ನನ್ನ ಅಂಗಡಿ ಬಾಗಿಲು ಹಾಕ್ತೀನಿ."

ಅತ್ತೆ ಒಲ್ಲದ ಮನಸ್ಸಿನಿಂದ ಬಂದು ಹೊಸ್ತಿಲಲ್ಲೇ ನಿಂತರು. ಸೊಸೆ ಮುಳ್ಳು ಇಳಿಸಿದಳು. ಪ್ರಾಯದ ದನಿ ಎದ್ದಿತು, ಏರಿತು, ಕೊನೆಯ ಸಾಲಿನಲ್ಲಿ ಒಂದೇ ಉಸಿರಿಗೆ ನೀಟಾಗಿ ನಿಂತಿತು. ಎಲ್ಲೂ ಒಡಕಿಲ್ಲ. ಸೊಸೆ ಗೆದ್ದೆನೆಂದು ಬೀಗಿದಳು, ಅದರಲ್ಲೇನು ಮುಚ್ಚುಮರೆ!



"ರೆಕಾರ್ಡ್ ಬಂದಾಗ ಎಷ್ಟು ಜನ ತಮ್ಮನೇಲಿ ಕೇಳಿ ಬಂದು ಹೊಗಳಿದ್ರು. ಪಾಪ ಅಂತ ಹೇಳ್ತಿದಾರೆ ಅಂದ್ಕೊಂಡೆ" ಎಂದರು ಅತ್ತೆ. "ಅವರೆಲ್ಲ ನಿಜಾನೇ ಹೇಳಿದ್ರು ಕಣ್ರೀ."

"ತಪ್ಪು ನಂದೇ" ಎಂದರು ಮಾವ. ತಲೆ ಎತ್ತಲಿಲ್ಲ.

ಅತ್ತೆಗೆ ಸಿಟ್ಟು ಬಂದಿತ್ತು, ಬರಬೇಕಾದದ್ದೇ. ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿದರು. ಆಮೇಲೆ ಮುಂದೆ ಬಂದು ತೋಳನ್ನು ಎತ್ತಿ ಪಕ್ಕಕ್ಕಿಟ್ಟರು.

"ಅದು ಹಳೇ ಗಂಟಲು. ಇನ್ನು ಇದನ್ನ ಕೇಳಿ."

ಸೆರಗು ಸರಿಮಾಡಿಕೊಂಡು ಅದೇ ಹಾಡು ಎತ್ತಿಕೊಂಡರು. ದನಿ ಮಾಗಿತ್ತು, ಅಲ್ಲಲ್ಲಿ ಒರಟಾಗಿತ್ತು. ಕೊನೆಯ ಸಾಲಿನ ನಡುವೆ ಉಸಿರು ನಿಜವಾಗಿಯೂ ಸಾಲದಾಯಿತು. ಅತ್ತೆ ನಿಂತರು, ಆರಾಮವಾಗಿ ಉಸಿರೆಳೆದುಕೊಂಡರು, ಉಳಿದದ್ದನ್ನು ಹಾಡಿ ಮುಗಿಸಿದರು.