ಜೋಪಾನ ಮಾಡಿದ ಆರನೆಯ ಕ್ಯಾಸೆಟ್ಟು

ಆಳಂದದ ದೇವೀಂದ್ರಪ್ಪ ವಕೀಲರ ಮಾತುಗಳನ್ನು ಟೇಪಿನಲ್ಲಿ ಹಿಡಿದಿಡುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ. ಅದು ೧೯೭೯ರ ಏಪ್ರಿಲ್. ನಾನು ಗುಲ್ಬರ್ಗದ ಒಂದು ಲಾ ಕಾಲೇಜಿನಲ್ಲಿ ಮಾಸ್ತರ. ವಕೀಲರಿಗೆ ಎಪ್ಪತ್ತೆಂಟು ವರ್ಷ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ವಾದ ಮಾಡಿದವರು. ಗೇಣಿ ಕಾನೂನಿನ ಮೇಲೆ ಅವರು ಬರೆದ ಟಿಪ್ಪಣಿಯನ್ನು ಓದದೆ ಅಫಜಲಪುರ, ಜೇವರ್ಗಿಯ ಯಾವ ವಕೀಲನೂ ಕೋರ್ಟಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಇಂಥವರು ಹೋದರೆ ಒಂದು ಕಾಲವೇ ಮಣ್ಣಾಗುತ್ತದೆ ಎಂದು ಪ್ರಿನ್ಸಿಪಾಲರ ತಲೆ ತಿಂದು ಹನ್ನೆರಡು ಕ್ಯಾಸೆಟ್ಟು ಮಂಜೂರು ಮಾಡಿಸಿಕೊಂಡೆ.

ಕೆಲಸಕ್ಕೆ ಒಂದು ಕಟ್ಟಳೆಯನ್ನೂ ಮಾಡಿದ್ದೆ. ಹೇಳುವವರು ಯಾವುದಾದರೂ ಮಾತನ್ನು ಮುಚ್ಚಿಡಿ ಎಂದರೆ ಅವರು ಬದುಕಿರುವತನಕ ಆ ಕ್ಯಾಸೆಟ್ಟನ್ನು ಯಾರಿಗೂ ಕೇಳಿಸುವುದಿಲ್ಲ. ಇದನ್ನು ಬರೆದು, ಸಹಿ ಮಾಡಿ ಕೊಟ್ಟಿದ್ದೆ. ಹಾಗೆ ಬರೆದದ್ದಕ್ಕೆ ನನಗೆ ಹೆಮ್ಮೆಯೂ ಇತ್ತು, ಹುಚ್ಚುಮುಂಡೇದಕ್ಕೆ.

ಮೇ ಹನ್ನೆರಡನೇ ತಾರೀಖು, ಆರನೆಯ ಕ್ಯಾಸೆಟ್ಟು. ವಕೀಲರು ಎದ್ದು ಬಾಗಿಲು ಹಾಕಿ ಬಂದು ಕೂತರು.

"ಮಟಕಿ ಊರಿನ ಸಕ್ಕುಬಾಯಿ ಗಂಡ ಇಪ್ಪತ್ತೆರಡು ವರ್ಷ ನಮ್ಮ ಬೀಗರ ಹೊಲ ಪಾಲಿಗಿ ಮಾಡಿದಾವ. ಅವ ಬರೀ ಕೂಲಿಯಾಳು ಅಂತ ಒಂದು ಕಾಗದ ನಾನೇ ಬರದೆ, ನಾನೇ ಹೆಬ್ಬೆಟ್ಟು ಒತ್ತಿಸಿಕೊಂಡೆ. ಟ್ರಿಬ್ಯುನಲ್ ಮುಂದ ಆ ಕಾಗದ ಒಂದು ಗಳಿಗಿ ನಿಲ್ಲಂಗಿಲ್ಲ. ಅವ ಸತ್ತ. ಈಗ ಅಕಿ ಹೊಲ ಮಾಡಾಕತ್ತಾಳ. ಅರ್ಜಿ ಹಾಕಿದ್ರ ಹೊಲ ಅಕಿದೇ ಆಗ್ತದ. ಹಾಕಬ್ಯಾಡ ಅಂತ ಹೇಳಿದಾವ ನಾನೇ."

ಅವರು ಕಣ್ಣೊರೆಸಿಕೊಂಡರು.

"ಆ ಮನಿಗಿ ಮಗಳನ್ನ ಕೊಟ್ಟೇನಿ, ಗುರಣ್ಣ. ನಾ ಹೋದ ಮ್ಯಾಲೆ ಇದನ್ನ ಹೊರಗ ತೆಗೀರಿ. ಅಲ್ಲಿತನಾ ಬ್ಯಾಡ."

ಉಳುವವನಿಗೇ ಹೊಲ ಎಂಬ ಕಾನೂನಿನಲ್ಲಿ ಫಾರಂ ನಂಬರ್ ಏಳು ಕೊಡಲು ಕೊನೆಯ ದಿನ ಜೂನ್ ಮೂವತ್ತು. ಹುಡುಗರಿಗೆ ಅದನ್ನು ಪಾಠ ಮಾಡುತ್ತಿದ್ದವನೇ ನಾನು. ಇನ್ನೂ ಏಳು ವಾರವಿತ್ತು. ಕ್ಯಾಸೆಟ್ಟಿನ ಸುದ್ದಿ ಎತ್ತದೆಯೂ ಸಕ್ಕುಬಾಯಿಗೆ ಒಂದು ಮಾತು ಹೇಳಬಹುದಿತ್ತು: ಅರ್ಜಿ ಹಾಕವ್ವ. ಅಷ್ಟೇ ಸಾಕಿತ್ತು. ಆದರೆ ಅದು ವಕೀಲರ ಕಿವಿಗೆ ಬಿದ್ದರೆ ನನಗೆ ಆ ಮನೆಯ ಬಾಗಿಲು ಮುಚ್ಚುತ್ತಿತ್ತು. ಜಾಗೀರಿನ ನ್ಯಾಯ, ಪೊಲೀಸ್ ಕಾರ್ಯಾಚರಣೆಯ ವರ್ಷದ ಕೋರ್ಟು, ಎಲ್ಲವೂ ಅವರ ಬಾಯಲ್ಲೇ ಉಳಿದಿದ್ದವು. ನನಗೆ ಅವು ಬೇಕಾಗಿದ್ದವು. ನನ್ನ ಆಸೆಗೆ ನಾನು 'ಕೊಟ್ಟ ಮಾತು' ಎಂದು ಹೆಸರಿಟ್ಟುಕೊಂಡೆ.

ಜೂನ್ ಎರಡನೇ ವಾರ ಸಕ್ಕುಬಾಯಿಯೇ ಬಂದಳು. ಎಂಟನೆಯ ಕ್ಯಾಸೆಟ್ಟು ಮುಗಿದು ನಾವು ಚಹ ಕುಡಿಯುತ್ತಿದ್ದೆವು. ಐವತ್ತರ ಹೆಂಗಸು, ಕಾಲಿಗೆ ಎರೆಮಣ್ಣು ಮೆತ್ತಿತ್ತು. ಪ್ರತಿವರ್ಷ ಈ ಮನೆಗೆ ಮೊದಲ ಸೀತನಿ, ಎಳೆ ಜೋಳದ ತೆನೆ, ತಂದುಕೊಡುವವಳು ಅವಳೇ ಎಂದು ವಕೀಲರ ಹೆಂಡತಿ ಗಂಗಾಬಾಯಿ ಹೇಳಿದರು.

ಸಕ್ಕುಬಾಯಿ ಹೊಸ್ತಿಲಾಚೆ ಕೂತಳು. "ಸಾಹೇಬರ, ಊರಾಗ ಎಲ್ಲಾರೂ ಫಾರಂ ಕೊಡಾಕತ್ತಾರ್ರಿ. ನಾನೂ ಕೊಡ್ಲೇನ್ರಿ?"

ವಕೀಲರು ನನ್ನ ಕಡೆ ನೋಡಲಿಲ್ಲ. "ನಿನಗ ಬರಂಗಿಲ್ಲವ್ವ. ನಿನ್ನ ಗಂಡನ ಹೆಬ್ಬೆಟ್ಟು ಅದ. ಸುಮ್ಮ ತಹಶೀಲಿಗಿ ಅಡ್ಡಾಡಿ ಕಾಲು ನೋಯಿಸ್ಕೋಬ್ಯಾಡ."

"ನೀವು ಹೇಳಿದ ಮ್ಯಾಲೆ ಮುಗೀತ್ರಿ," ಎಂದಳು. ಗಂಗಾಬಾಯಿ ಕೊಟ್ಟ ಚಹ ಕುಡಿದು, ಬಟ್ಟಲು ತೊಳೆದಿಟ್ಟು, ನನಗೂ ಕೈ ಮುಗಿದು ಹೋದಳು. ಹಿಂದೆಯೇ ಎದ್ದು ಹೋಗಬಹುದಿತ್ತು. ಬಸ್‌ಸ್ಟ್ಯಾಂಡು ಹತ್ತು ಹೆಜ್ಜೆ. ನಾನು ಒಂಬತ್ತನೆಯ ಕ್ಯಾಸೆಟ್ಟಿನ ಮೇಲೆ ತಾರೀಖು ಬರೆದೆ.

ಜೂನ್ ಮೂವತ್ತು ಬಂತು, ಹೋಯಿತು. ಹನ್ನೆರಡೂ ತುಂಬಿದವು. ಕಾಲೇಜಿನ ಕಬ್ಬಿಣದ ಅಲಮಾರಿಯಲ್ಲಿಟ್ಟು, ಸುರುಳಿ ಅಂಟಬಾರದೆಂದು ಹದಿನೈದು ದಿನಕ್ಕೊಮ್ಮೆ ತಿರುಗಿಸಿಡುತ್ತಿದ್ದೆ. ಒಂದು ಅಕ್ಷರವೂ ಕೆಡಲಿಲ್ಲ.

ಆಗಸ್ಟಿನಲ್ಲಿ ವಕೀಲರು ತೀರಿಕೊಂಡರು. ಸಮಾಧಿಯ ಮುಂದೆ ಮೂರು ತಾಲೂಕಿನ ವಕೀಲರು ನಿಂತಿದ್ದರು. ನನ್ನನ್ನು ತೋರಿಸಿ, "ಇವರು ನಮ್ಮ ಸಾಹೇಬರನ್ನ ಉಳಿಸ್ಯಾರ," ಎಂದು ಒಬ್ಬರು ಹೇಳಿದರು. ಮರುವಾರ ಟೇಪು ರಿಕಾರ್ಡರ್ ಹೊತ್ತುಕೊಂಡು ಮಟಕಿಗೆ ಹೋದೆ.

ವಕೀಲರ ದನಿ ಬರುತ್ತಲೇ ಸಕ್ಕುಬಾಯಿ ಸೆರಗು ತಲೆಯ ಮೇಲೆಳೆದುಕೊಂಡು ಮಷಿನ್ನಿಗೆ ಕೈ ಮುಗಿದಳು. ತನ್ನ ಹೆಸರು ಬಂದಾಗ ನಕ್ಕಳು. ಆಮೇಲೆ ನಗಲಿಲ್ಲ. ಮುಗಿದ ಮೇಲೆ ಇನ್ನೊಮ್ಮೆ ಹಚ್ಚಲು ಹೇಳಿದಳು. ಹಚ್ಚಿದೆ.

"ಈಗ ಅರ್ಜಿ ಕೊಟ್ರ ಬರ್ತದೇನ್ರಿ?"

"ಇಲ್ಲವ್ವ. ತಾರೀಖು ದಾಟ್ಯದ."

"ಸಾಹೇಬರು ಇದನ್ನ ಯಾವಾಗ ಹೇಳ್ಯಾರ್ರಿ?"

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ. "ಮೇ ತಿಂಗಳದಾಗ."

ಹೊರಗೆ ತೊಗರಿಯ ಸಾಲುಗಳಲ್ಲಿ ಯಾರೋ ಕಳೆ ತೆಗೆಯಲು ಎಡೆಕುಂಟೆ ಹೊಡೆಯುತ್ತಿದ್ದರು.

"ನಾ ಕೇಳಾಕ ಬಂದಾಗ ನೀವು ಅಲ್ಲೇ ಕುಂತಿದ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದವಳು ತಿಳಿದವನನ್ನು ಕೇಳುವ ಹಾಗೆ ಕೇಳಿದಳು. "ಸಾಹೇಬರಿಗೆ ಮಗಳ ಸಂಸಾರ ಇತ್ತು. ನಿಮಗೇನಿತ್ರಿ, ಮಾಸ್ತರ?"